ವಿಮಲತ್ತೆಯ ಹೊತ್ತು ಮತ್ತು ಹಿಮಾಲಯ

ನಮ್ಮ ಅಂಗಳದಲ್ಲಿ ಮೆಣಸು ಒಣಹಾಕುವ ಟಾರ್ಪಾಲಿಗೆ ಮೂರು ಮೂಲೆಯಲ್ಲಿ ಕಲ್ಲು, ನಾಲ್ಕನೆಯ ಮೂಲೆಯಲ್ಲಿ ಒಂದು ಜೊತೆ ಕ್ಯಾನ್ವಾಸ್ ಬೂಟು ಇಟ್ಟಿರುತ್ತೇನೆ. ಇನ್ನೊಂದು ಕಲ್ಲು ಸಿಗುವುದಿಲ್ಲವೆಂದಲ್ಲ. ವಯನಾಡಿನಲ್ಲಿ ಕಲ್ಲಿಗೇನು ಬರ? ಬಟ್ಟೆಯೆಲ್ಲ ಹಿಂಜಿಹೋಗಿ ರಬ್ಬರಿನ ತಳ ಮಾತ್ರ ಗಟ್ಟಿಯಾಗಿ ಉಳಿದಿರುವ ಆ ಬೂಟನ್ನು ಎಸೆಯಲು ಮನಸ್ಸು ಬರುವುದಿಲ್ಲ. ಸುಮ್ಮನೆ ಕೂರಿಸಿ ಸಾಕುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಕೆಲಸವಿಲ್ಲದೆ ಕೂತವರು ಯಾರೂ ಇಲ್ಲ.

ಮೊನ್ನೆ ಪಕ್ಕದ ಮನೆಯ ಶೀಬ ಬಂದಿದ್ದಳು. ಮಾನಂದವಾಡಿಯಲ್ಲಿ ನರ್ಸು, ಡ್ಯೂಟಿಗೆ ಹೋಗುವ ದಾರಿಯಲ್ಲಿ ಐದು ನಿಮಿಷ ನಿಂತು ಮಾತಾಡಿಸಿ ಹೋಗುವ ಒಳ್ಳೆಯ ಹುಡುಗಿ.

"ಅಂಕಲ್, ಇದು ಯಾರ್ದು?" ಎಂದು ಬೂಟು ತೋರಿಸಿ ಕೇಳಿದಳು.

"ನಮ್ಮತ್ತೇದು. ಹಿಮಾಲಯಕ್ಕೆ ಹೋಗಿತ್ತು."

"ಅತ್ತೆಯಾ, ಬೂಟಾ?"

"ಎರಡೂ."

ಅವಳು ಕೂಡಲೇ ಫೋನು ತೆಗೆದಳು. ಗೆಳತಿಯರ ಜೊತೆ ತಾನೂ ಹಿಮಾಲಯದ ಒಂದು ಕಣಿವೆಗೆ ನಡೆಯಲು ಹೋಗುತ್ತಿದ್ದಾಳಂತೆ. ಅದರಲ್ಲಿ 'ಈಸಿ ಟು ಮಾಡರೇಟ್' ಎಂದು ಬರೆದಿತ್ತು. "ಹಂಗಂದ್ರೆ ಎಷ್ಟು ಕಷ್ಟ ಅಂಕಲ್?" ಎಂದಳು. ಅದು ಅಲ್ಲಿ ಹೊತ್ತು ಯಾವಾಗ ಮುಳುಗುತ್ತದೆ ಎಂಬುದರ ಮೇಲೆ ನಿಂತಿದೆ ಎಂದೆ. ಶೀಬ ನನ್ನ ಮುಖವನ್ನು ಒಂದು ಕ್ಷಣ ವೃತ್ತಿಯ ಕಣ್ಣಿನಿಂದ ನೋಡಿ, ಬಿ.ಪಿ. ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ ಎಂದು ವಿಚಾರಿಸಿ ಬಸ್ಸಿಗೆ ಓಡಿದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ಹಿಡಿಯಬೇಕಾದ ಬಸ್ಸಿಲ್ಲ ಎಂದು ನನ್ನ ನಂಬಿಕೆ.

ಇದು ವಯನಾಡು ಜಿಲ್ಲೆಯಾದ ಹೊಸತರ ಮಾತು. ಅದಕ್ಕೆ ಮುಂಚೆ ಒಂದು ಕಾಗದಕ್ಕೆ ಮೊಹರು ಬೀಳಬೇಕಾದರೂ ನಾವು ಚುರ ಎಂದು ಕರೆಯುವ ಘಾಟಿ ರಸ್ತೆಯನ್ನು ಇಳಿದು ಕಡಲ ಕಡೆಗೆ ಹೋಗಬೇಕಿತ್ತು. ಜಿಲ್ಲೆಯಾದ ಮೇಲೆ ಅಧಿಕಾರಿಗಳೇ ಚುರ ಹತ್ತಿ ಬರತೊಡಗಿದರು. ಬಂದವರು ಚಳಿ, ಕೆಮ್ಮು ಎಂದು ಮಫ್ಲರು ಸುತ್ತಿಕೊಂಡು ಓಡಾಡುತ್ತಿದ್ದರು. ಅವರನ್ನು ನೋಡಿಯೇ ನಮಗೆ ನಾವು ಬೆಟ್ಟದ ಜನ ಎಂಬ ಸಂಗತಿ ತಿಳಿದದ್ದು. ಅಲ್ಲಿಯವರೆಗೆ ನಾವು ಬರೀ ಜನ ಆಗಿದ್ದೆವು.

ವಿಮಲತ್ತೆ ನನ್ನ ತಂದೆಯ ಅಕ್ಕ. ನಮ್ಮದು ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಬಂದು ಇಲ್ಲಿ ಬೇರು ಬಿಟ್ಟ ಜೈನ ಮನೆತನ. ಕಾಫಿ, ಮೆಣಸು, ಕೆಳಗೆ ಒಂದಿಷ್ಟು ಗದ್ದೆ. ಅತ್ತೆ ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾನು ಅದಕ್ಕಿಂತ ಎಳೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡವನು. ಅವಳಿಗೊಂದು ಕೆಲಸ ಸಿಕ್ಕಿತು, ನನಗೆ ಊಟ ಸಿಕ್ಕಿತು. ಹೀಗೆ ಒಣಗಿಸಿ ಹೇಳಿದೆನೆಂದು ತಪ್ಪು ತಿಳಿಯಬೇಡಿ. ಈ ಲೋಕದಲ್ಲಿ ನನಗೆ ಅವಳಿಗಿಂತ ಹೆಚ್ಚಿನವರು ಯಾರೂ ಇರಲಿಲ್ಲ.

ಈ ಅತ್ತೆಗೆ ಇದ್ದದ್ದು ಒಂದೇ ಆಸೆ: ಹಿಮ ಮುಟ್ಟಬೇಕು. ಆದಿನಾಥ ಸ್ವಾಮಿ ಮೋಕ್ಷ ಹೊಂದಿದ್ದು ಹಿಮದ ಬೆಟ್ಟದ ಮೇಲೆ ಎಂದು ಚಿಕ್ಕಂದಿನಲ್ಲಿ ಬಸದಿಯಲ್ಲಿ ಕೇಳಿ, ಹಿಮ ಎಂದರೆ ಹೇಗಿರುತ್ತದೆ ಎಂದು ಮನೆಯಲ್ಲಿ ವಿಚಾರಿಸಿದಳಂತೆ. ಅವಳ ಅಪ್ಪ ಆಲಿಕಲ್ಲಿನ ಹಾಗೆ ಎಂದರು. ಅಮ್ಮ ಅಕ್ಕಿಹಿಟ್ಟಿನ ಹಾಗೆ ಎಂದರು. ಬಸದಿಯ ಪುರೋಹಿತರು ಕರ್ಪೂರದ ಹಾಗೆ ಎಂದರು. ಮೂವರೂ ಹಿಮ ಕಂಡವರಲ್ಲ. ಒಂದೇ ವಸ್ತು ಕಲ್ಲೂ ಹಿಟ್ಟೂ ಕರ್ಪೂರವೂ ಹೇಗಾದೀತು ಎಂಬ ಅನುಮಾನ ಅತ್ತೆಗೆ ಐವತ್ತು ದಾಟಿದರೂ ಹೋಗಿರಲಿಲ್ಲ. "ಮೋಕ್ಷಗೀಕ್ಷ ದೊಡ್ಡೋರ ಮಾತು. ನಂಗೆ ಒಂದ್ಸಲ ಕೈಲಿ ಮುಟ್ಟಿ ನೋಡಿದ್ರೆ ಸಾಕು" ಎನ್ನುತ್ತಿದ್ದಳು. ಬೇರೆ ಹೆಂಗಸರು ಚಿನ್ನದ ಬಳೆಯ ವಿಷಯ ಹೇಳುವಾಗ ನಮ್ಮತ್ತೆ ಹಿಮದ ವಿಷಯ ಹೇಳುವುದು ನಮಗೆ ಖರ್ಚಿನ ದೃಷ್ಟಿಯಿಂದ ಅನುಕೂಲವಾಗಿಯೇ ಇತ್ತು.

ಆ ಅನುಕೂಲ ತಪ್ಪಿಸಿದವರು ಜೋಸ್ ಮಾಷು. ಮಾನಂದವಾಡಿಯ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು, ಕುಟ್ಟದ ಕಡೆಯ ಕಾಫಿ ತೋಟದಲ್ಲಿ ಬೆಳೆದದ್ದರಿಂದ ಕನ್ನಡ ಬಲ್ಲವರು, ನನ್ನ ಸ್ನೇಹಿತರು. ಹರೆಯದಲ್ಲಿ ಒಮ್ಮೆ ಹಿಮಾಲಯಕ್ಕೆ ಹೋಗಿ ಬಂದಿದ್ದರು. ಈಗ ಕೆಲವು ಮಾಷುಗಳನ್ನು ಕಟ್ಟಿಕೊಂಡು ಗಢವಾಲದ ಒಂದು ಕಣಿವೆಗೆ ಹೊರಟಿದ್ದರು. ಮಳೆಗಾಲ ಮುಗಿದು ಕಾಫಿ ಕೊಯ್ಲು ಶುರುವಾಗುವ ಮುಂಚಿನ ಬಿಡುವಿನಲ್ಲಿ ನಾನೂ ಬರುತ್ತೇನೆಂದು ಒಪ್ಪಿಕೊಂಡೆ. ಆ ಕಣಿವೆಯ ಹೆಸರನ್ನು ಅತ್ತೆ ಕೊನೆಯವರೆಗೂ ಮೂರು ಥರ ಹೇಳುತ್ತಿದ್ದಳು, ಮೂರೂ ತಪ್ಪು. ನಾನು ಸರಿಯಾಗಿ ಹೇಳಿ ಅವಳನ್ನು ಸಣ್ಣವಳನ್ನಾಗಿ ಮಾಡುವುದಿಲ್ಲ.

"ಅಲ್ಲಿ ಹಿಮ ಇರ್ತದಾ?" ಎಂದು ಕೇಳಿದಳು.

"ಕಣಿವೆ ತುದೀಲಿ ಇರ್ತದಂತೆ."

"ಹಂಗಾರೆ ನಾನೂ ಬತ್ತೀನಿ," ಎಂದು ಹೇಳಿ ಒಳಗೆ ಹೋಗಿ ಹಾಲು ಕಾಯಿಸಲು ಇಟ್ಟಳು. ಮನೆಯಲ್ಲಿ ಚರ್ಚೆ ಎಂದರೆ ಅಷ್ಟೇ.

ಪ್ರವಾಸ ಎಷ್ಟು ಕಷ್ಟದ್ದು ಎಂಬುದನ್ನು ನಾವು ನಮ್ಮ ರೀತಿಯಲ್ಲಿ ಲೆಕ್ಕ ಹಾಕಿದೆವು. ಅಪ್ಪ ಕೇಳಿದ ಮೊದಲ ಪ್ರಶ್ನೆ: "ಆನೆ ಇದ್ಯಾ?" ಇಲ್ಲ ಎಂದೆ. "ಜಿಗಣೆ?" ಅಷ್ಟು ಎತ್ತರದಲ್ಲಿ, ಆ ಚಳಿಯಲ್ಲಿ ಇಲ್ಲ ಎಂದೆ. ಆನೆಯೂ ಜಿಗಣೆಯೂ ಇಲ್ಲದ ಕಾಡಿಗೆ ಇಷ್ಟೊಂದು ತಯಾರಿ ಯಾಕೆ ಎಂಬುದು ಅಪ್ಪನಿಗೆ ತಿಳಿಯಲಿಲ್ಲ. ಅದೂ ಅಲ್ಲದೆ ಹೋಗುವುದು ಕಣಿವೆಗೆ, ಬೆಟ್ಟಕ್ಕಲ್ಲ. ನಮ್ಮ ಕಡೆ ಎರಡು ಗುಡ್ಡಗಳ ನಡುವಿನ ತಗ್ಗೆಂದರೆ ಗದ್ದೆ. ಮುದುಕರೂ ಬದುವಿನ ಮೇಲೆ ಕೈಬೀಸಿಕೊಂಡು ಹೋಗುವ ಜಾಗ. ನನ್ನ ಲೆಕ್ಕ ಇನ್ನೂ ಸೂಕ್ಷ್ಮವಾಗಿತ್ತು. ಕೋಝಿಕ್ಕೋಡಿನವನು ಹಿಮಾಲಯಕ್ಕೆ ಹೋಗಬೇಕಾದರೆ ಸಮುದ್ರದಿಂದ ಹತ್ತಬೇಕು. ವಯನಾಡಿನವನು ಆಗಲೇ ಒಂದಿಷ್ಟು ಹತ್ತಿಯೇ ಹುಟ್ಟಿರುತ್ತಾನೆ. ಅಷ್ಟನ್ನು ಕಳೆದರೆ ನಮಗೆ ಉಳಿಯುವ ಏರು ಕಡಿಮೆ. ಈ ಲೆಕ್ಕವನ್ನು ಜೋಸ್ ಮಾಷಿಗೆ ಹೇಳಿದಾಗ ಅವರು, "ನೀವು ರೈಲು ಹತ್ತೋಕೆ ಚುರ ಇಳೀತೀರಲ್ಲ, ಆ ಎತ್ತರ ಕೈಲಿ ಹಿಡ್ಕೊಂಡು ಇಳೀತೀರಾ?" ಎಂದರು.

ಅತ್ತೆಯನ್ನು ಪರೀಕ್ಷಿಸಲು ಮಾಷು ಮನೆಗೇ ಬಂದರು. ಕಟ್ಟನ್ ಕಾಪಿ, ಅಂದರೆ ಹಾಲಿಲ್ಲದ ಕಾಫಿ, ಕುಡಿದು ಲೋಟ ಕೆಳಗಿಟ್ಟು, "ಚೇಚಿ," ಎಂದು ಮಲಯಾಳದಲ್ಲಿ ಅಕ್ಕನನ್ನು ಕರೆಯುವ ಹಾಗೆ ಕರೆದು, "ನಿಮಗೆ ದಮ್ಮು ಹೆಂಗಿದೆ?" ಎಂದರು. ಅತ್ತೆ ಬಾಯಲ್ಲಿ ಉತ್ತರ ಹೇಳದೆ, ಮೇಲಿನ ತೋಟದಲ್ಲಿ ಮೆಣಸಿನ ಬಳ್ಳಿ ಚೆನ್ನಾಗಿ ಬಂದಿದೆ, ನೋಡಿ ಬನ್ನಿ ಎಂದು ಅವರನ್ನು ಗುಡ್ಡ ಹತ್ತಿಸಿದಳು. ಮೇಲೆ ತಲುಪಿದಾಗ ಮಾಷಿಗೆ ಬಳ್ಳಿಯನ್ನು ಹೊಗಳಲು ಉಸಿರು ಸಾಲಲಿಲ್ಲ. ಕಾಲಿನ ವಿಷಯದಲ್ಲಿ ಅತ್ತೆ ಪಾಸಾದಳು.

ಆದರೆ ಮಾಷು ಕಾಲಿಗೆ ಮರುಳಾಗುವವರಲ್ಲ. "ಎಷ್ಟು ದೂರ ನಡೀತೀವಿ ಅಂತ ಎಲ್ಲಾರೂ ಕೇಳ್ತಾರೆ. ಅದು ಬಿಡಿ. ರಾತ್ರಿ ಎಷ್ಟು ಎತ್ತರದಲ್ಲಿ ಮಲಗ್ತೀವಿ, ಅದು ಕೇಳ್ಬೇಕು. ಕಾಯಿಲೆ ಆದ್ರೆ ಎಷ್ಟು ಬೇಗ ಕೆಳಗೆ ಇಳೀಬಹುದು, ಅದು ಕೇಳ್ಬೇಕು. ಎತ್ತರ ಕಾಲಿಗೆ ಗೊತ್ತಾಗಲ್ಲ ಧರ್ಮಪಾಲಾ, ತಲೆಗೆ ಗೊತ್ತಾಗೋದು" ಎಂದು ನನ್ನ ಕಡೆ ತಿರುಗಿ ಹೇಳಿದರು. ಹಿಂದಿನ ಸಲ ಜೊತೆಯಲ್ಲಿದ್ದವನೊಬ್ಬ, ಫುಟ್‌ಬಾಲ್ ಆಡುವ ಗಟ್ಟಿ ಆಳು, ತಲೆನೋವು ಮುಚ್ಚಿಟ್ಟು ಹತ್ತಿ, ಕೊನೆಗೆ ಅವನನ್ನು ಹೊತ್ತು ಇಳಿಸಬೇಕಾಯಿತಂತೆ. ಅವನು ಬದುಕಿಕೊಂಡ. ಆದರೆ ಆ ಇಳಿಯುವಿಕೆ ಮಾಷಿನ ಮನಸ್ಸಿನಿಂದ ಇಳಿದಿರಲಿಲ್ಲ. ಅಲ್ಲಿಂದ ಮುಂದೆ ಅವರು ನಿಯಮಗಳ ಮನುಷ್ಯರಾದರು. ನಿಧಾನ ನಡೆಯಬೇಕು. ಬಾಯಾರಿಕೆ ಇರಲಿ ಬಿಡಲಿ, ನೀರು ಕುಡಿಯುತ್ತಿರಬೇಕು. ಹಸಿವಿಲ್ಲದಿದ್ದರೂ ಸಂಜೆ ಹೊಟ್ಟೆ ತುಂಬ ಉಣ್ಣಬೇಕು. ತಲೆನೋವಿದ್ದರೆ ಹೇಳಬೇಕು, ತಲೆನೋವಿನೊಂದಿಗೆ ಒಂದು ಹೆಜ್ಜೆಯೂ ಮೇಲೆ ಇಡಬಾರದು. ಇದನ್ನು ನಮಗೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು. ಗಣಿತದ ಮಾಷೊಬ್ಬರು ಅಭ್ಯಾಸಬಲದಿಂದ ಕೈ ಎತ್ತಿ ಅನುಮಾನ ಕೇಳಿದರು.

ತಯಾರಿಗೆ ಚೆಂಬ್ರ ಬೆಟ್ಟ ಹತ್ತಿಸಿದರು. ಮಾತಾಡುತ್ತಾ ಹತ್ತಲು ಆಗುವಷ್ಟು ನಿಧಾನ ಹತ್ತಬೇಕು, ಅದೇ ಸರಿಯಾದ ವೇಗ ಎಂಬುದು ಮಾಷಿನ ಸೂತ್ರ. ಅತ್ತೆ ಬುಡದಿಂದ ಮಾತಾಡುತ್ತಲೇ ಹತ್ತಿದಳು. ನಮ್ಮ ಮನೆತನದ ಮೂರು ತಲೆಮಾರಿನ ಮದುವೆಗಳು ಚೆಂಬ್ರದ ಏರಿನಲ್ಲಿ ಮುಗಿದವು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾವ್ಯಾರೂ ಇರಲಿಲ್ಲ.

ಬೂಟಿನದು ಇನ್ನೊಂದು ಕಥೆ. ಅತ್ತೆ ಹುಟ್ಟಿದಾಗಿನಿಂದ ತೋಟದಲ್ಲಿ ಬರಿಗಾಲಲ್ಲಿ ನಡೆದವಳು. ಮಾಷು ಚರ್ಮದ ಬೂಟು ಎಂದರು, ಅತ್ತೆ, "ಸತ್ತ ಪ್ರಾಣೀನ ಕಾಲಿಗೆ ಕಟ್ಕೊಂಡು ಹೋಗೋಕೆ ಅದೇನು ಬೇಟೆಯಾ?" ಎಂದಳು. ಕಡೆಗೆ ನಾನು ಎಚ್.ಡಿ. ಕೋಟೆ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಕ್ಯಾನ್ವಾಸಿನದು ತಂದೆ. ಹೊಸ ಬೂಟು ಹಾಕಿ ಹಿಮಾಲಯಕ್ಕೆ ಹೋಗಬಾರದು, ಮೊದಲೇ ಹಾಕಿ ಪಳಗಿಸಬೇಕು ಎಂಬುದೂ ಒಂದು ನಿಯಮ. ಆದ್ದರಿಂದ ಅತ್ತೆ ದಿನಾ ಸೀರೆಯ ಕೆಳಗೆ ಬೂಟು ಹಾಕಿ ಕಾಫಿ ಗಿಡಗಳ ನಡುವೆ ಗಂಭೀರವಾಗಿ ಓಡಾಡಿದಳು. ಆ ದಿನಗಳಲ್ಲಿ ನಮ್ಮ ತೋಟದ ಆಳುಗಳು ಕೆಲಸ ನಿಲ್ಲಿಸಿ ನಿಂತ ಹೊತ್ತೇ ಹೆಚ್ಚು.

ಊಟಕ್ಕೂ ಏರ್ಪಾಟಾಯಿತು. ಹಿಮಾಲಯ ಎಂಬುದು ಆಲೂಗಡ್ಡೆಯ ಮೇಲೆ ನಿಂತಿದೆ ಎಂದು ಮಾಷು ಎಚ್ಚರಿಸಿದ್ದರು; ಅತ್ತೆಗೆ ನೆಲದೊಳಗೆ ಬೆಳೆದದ್ದು ಯಾವುದೂ ಆಗದು. ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಒಣಶುಂಠಿ ಕಟ್ಟಿಕೊಂಡಳು. ಹಸಿಶುಂಠಿ ಬೇಡ, ಒಣಶುಂಠಿ ಆಗಬಹುದು ಎಂಬುದು ಶುಂಠಿ ಬೆಳೆಯುವ ಮನೆಯವರಾದ ಮಾಷಿಗೆ ಅರ್ಥವಾಗಲಿಲ್ಲ. ಆದರೆ ನಿಯಮ ಎಂದ ಕೂಡಲೇ ತಲೆಯಾಡಿಸಿದರು. ಇಷ್ಟೆಲ್ಲ ಕೇಳಿದ ನಾವು ಅಲ್ಲಿ ಹೊತ್ತು ಯಾವಾಗ ಮುಳುಗುತ್ತದೆ ಎಂದು ಮಾತ್ರ ಕೇಳಲಿಲ್ಲ. ಎಲ್ಲ ಕಡೆಯೂ ಮುಳುಗುವ ಹೊತ್ತಿಗೆ ಮುಳುಗುತ್ತದೆ ಎಂದೇ ತಿಳಿದಿದ್ದೆವು.

ರೈಲು, ಬಸ್ಸು, ಮತ್ತೆ ಬಸ್ಸು. ಆಮೇಲೆ ರಸ್ತೆ ಮುಗಿದು ನಡಿಗೆ. ದಾರಿ ತೋರಿಸಲು ಅಲ್ಲಿಯವರೊಬ್ಬರು ಜೊತೆಗಿದ್ದರು. ಮೊದಲ ತಂಗು ಮರದ ಮನೆಗಳ ಒಂದು ಹಳ್ಳಿ, ಕಣಿವೆ ಅಗಲವಾಗಿ ಪಶ್ಚಿಮಕ್ಕೆ ತೆರೆದುಕೊಂಡ ಕಡೆ. ಅಲ್ಲಿ ಏನೂ ತೊಂದರೆಯಾಗಲಿಲ್ಲ. ಅತ್ತೆ ಸೀರೆಯ ಕಚ್ಚೆ ಕಟ್ಟಿ, ಒಳಗೆ ನನ್ನ ಪೈಜಾಮ ಹಾಕಿ, ತಲೆಗೆ ಮಂಕಿಟೋಪಿ ಹಾಕಿ ಹಳ್ಳಿಯ ಹೆಂಗಸರ ನಡುವೆ ಕೂತು, ಅವರ ಭಾಷೆ ಬರದಿದ್ದರೂ, ಅವರ ಮಕ್ಕಳಿಗೆ ಎಷ್ಟು ವರ್ಷ ಎಂದು ತಿಳಿದುಕೊಂಡಳು.

ಮಾರನೆಯ ದಿನ ಕಣಿವೆ ಕಿರಿದಾಯಿತು. ಎರಡೂ ಕಡೆ ಗೋಡೆಯಂತೆ ಬೆಟ್ಟ, ನಡುವೆ ಹೊಳೆ. ಮಧ್ಯಾಹ್ನ ಒಂದು ಕಲ್ಲಿನ ಗುಡಿಸಲು ತಲುಪಿದೆವು. ಮೈ ಒಗ್ಗಲಿ ಎಂದು ಎರಡು ರಾತ್ರಿ ಅಲ್ಲೇ ಇದ್ದು ಆಮೇಲೆ ಮೇಲೆ ಹೋಗುವುದು ಮಾಷಿನ ಯೋಜನೆ. ಗುಡಿಸಲಿನ ಬಾಗಿಲಿಂದ ನೋಡಿದರೆ ಮೇಲಿನ ಒಂದು ಕೊರಕಲಿನಲ್ಲಿ ಬಿಳಿಯ ಪಟ್ಟಿ ಕಾಣುತ್ತಿತ್ತು. "ಅದೇನಾ?" ಎಂದಳು ಅತ್ತೆ. ಅದೇ ಎಂದೆ. ಅವಳು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಸೂರ್ಯ ಪಡುವಣ ಬೆಟ್ಟದ ಹಿಂದೆ ಹೋದ. ಊರಿನಲ್ಲಾದರೆ ಅದು ಮಧ್ಯಾಹ್ನದ ನಿದ್ದೆ ಮುಗಿಸಿ ಕಾಫಿಗೆ ಏಳುವ ಹೊತ್ತು. ಅತ್ತೆ ಕೈ ತೊಳೆದು, ಬಾಯಿ ಮುಕ್ಕಳಿಸಿ, ಮೂಲೆಯಲ್ಲಿ ಕೂತಳು.

ಮಾಷು ಒಲೆ ಹೊತ್ತಿಸಿ, "ಚೇಚಿ, ಕಾಪಿಗೆ ನಿಮ್ಮ ಶುಂಠಿ ಹಾಕ್ಲಾ?" ಎಂದರು.

"ನಂಗೆ ಬೇಡ ಮಾಷೆ. ಹೊತ್ತು ಮುಳುಗ್ತು."

ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು ನಮ್ಮವರ ನೇಮ. ಮನೆಯಲ್ಲಿ ನಾವೆಲ್ಲ ಊಟ ಬಿಟ್ಟರೆ ಅತ್ತೆ ನೀರನ್ನೂ ಬಿಡುತ್ತಿದ್ದಳು. ವಯನಾಡಿನಲ್ಲಿ ಸೂರ್ಯ ಎಲ್ಲರಿಗೂ ಕಾಣುವ ಹಾಗೆ ಒಂದೇ ಸಲ ಮುಳುಗುತ್ತಿದ್ದುದರಿಂದ ಇದರಲ್ಲಿ ತಕರಾರು ಬಂದದ್ದಿಲ್ಲ.

"ಅತ್ತೆ, ಅಲ್ಲಿ ನೋಡು. ಎದುರು ಬೆಟ್ಟದ ತುದೀಲಿ ಇನ್ನೂ ಬಿಸಿಲಿದೆ," ಎಂದೆ.

"ಅದು ಆ ಬೆಟ್ಟದ ಹೊತ್ತು. ಇಲ್ಲೀದು ಮುಳುಗ್ತು."

"ಗಡಿಯಾರ ನೋಡು."

"ಗಡಿಯಾರ ಮುಳುಗಲ್ಲ ಕಣೋ."

ಮಾಷು ಶಾಂತವಾಗಿ ಬಂದು ಕೂತರು. "ಚೇಚಿ, ಇದು ಸಂಜೆ ಅಲ್ಲ. ಬರೀ ನೆರಳು."

"ಬೇರೆ ಯಾವ್ದೋ ದೇಶದಲ್ಲಿ ಇವತ್ತು ಶನಿವಾರ ಅಂತ ನೀವು ಭಾನುವಾರ ಚರ್ಚಿಗೆ ಹೋಗೋದು ಬಿಡ್ತೀರಾ ಮಾಷೆ?"

ಮಾಷು ಯೋಚಿಸಿದರು. ಬಿಡುವುದಿಲ್ಲ ಎಂದು ಒಪ್ಪಿಕೊಂಡು ಎದ್ದು ಹೋದರು.

ಬೆಳಿಗ್ಗೆಯೂ ಅದೇ ಕಥೆ. ಮೂಡಣ ಬೆಟ್ಟದ ತಲೆಯ ಮೇಲಿಂದ ಸೂರ್ಯ ಇಣುಕುವಷ್ಟರಲ್ಲಿ ಊರಿನಲ್ಲಿ ಶಾಲೆಯ ಗಂಟೆ ಹೊಡೆದಿರುತ್ತದೆ. ಬಿಸಿಲು ಮೈಮೇಲೆ ಬಿದ್ದು ಸ್ವಲ್ಪ ಹೊತ್ತಾಗುವವರೆಗೆ ಅತ್ತೆ ಬಾಯಿಗೆ ಹನಿ ನೀರು ಹಾಕಲಿಲ್ಲ. ಹಾಕಿದ ಮೇಲೂ ಹಸಿವಿಲ್ಲವೆಂದು ಒಂದು ಹಿಡಿ ಅವಲಕ್ಕಿ ತಿಂದಳು. ಹೀಗೆ ಅತ್ತೆಯ ಹಗಲು ಎರಡು ಬೆಟ್ಟಗಳ ನಡುವೆ ಸಿಕ್ಕಿಕೊಂಡಿತು. ಗಾಳಿ ಒಣಗಾಳಿ, ಎತ್ತರ ಎತ್ತರವೇ. ಚಿಕ್ಕವರಾದ ನಾವೇ ಬಿಂದಿಗೆಗಟ್ಟಲೆ ಕುಡಿಯುತ್ತಿದ್ದೆವು.

ಆ ಮಧ್ಯಾಹ್ನ, ಸೂರ್ಯ ಮತ್ತೆ ಬೆಟ್ಟದ ಹಿಂದೆ ಹೋದ ಹೊತ್ತಿಗೆ, ಅವಳು ಮಾತು ನಿಲ್ಲಿಸಿದ್ದನ್ನು ಮೊದಲು ಗಮನಿಸಿದವನು ನಾನು. ಚೆಂಬ್ರದ ಏರಿನಲ್ಲಿ ನಿಲ್ಲದ ಮಾತು ಕೂತಲ್ಲಿ ನಿಂತಿತ್ತು. ತಲೆನೋವಾ ಎಂದರೆ, "ಮಂಕಿಟೋಪಿ ಬಿಗಿ" ಎಂದಳು. ಟೋಪಿ ತೆಗೆದಳು, ನೋವು ಹೋಗಲಿಲ್ಲ. ಮಾಷು ಬಂದು ನೆಲದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿಕೊಂಡು ಅದರ ಮೇಲೆ ನಡೆಯಿರಿ ಎಂದರು. ಗದ್ದೆಯ ಬದುವಿನ ಮೇಲೆ ತಲೆಯಲ್ಲಿ ಹುಲ್ಲಿನ ಹೊರೆ ಹೊತ್ತು ಓಡಾಡಿದ ಅತ್ತೆ ಮೂರನೆಯ ಹೆಜ್ಜೆಗೆ ವಾಲಿ ನನ್ನ ತೋಳು ಹಿಡಿದಳು. ನನಗೆ ಭಯವಾಯಿತು. ಇವಳನ್ನು ನಾನೇ ಇಲ್ಲಿಗೆ ಕರೆತಂದದ್ದು, ಇವಳಿಲ್ಲದೆ ನಾನು ಆ ಮನೆಗೆ ಹೇಗೆ ಕಾಲಿಡಲಿ ಎಂದು ಯೋಚಿಸಿದ್ದು ನೆನಪಿದೆ.

"ಇಳಿಯೋದು. ಈಗ್ಲೇ," ಎಂದರು ಮಾಷು.

"ನಾಳೆ ಬೆಳಿಗ್ಗೆ ಅದನ್ನ ಮುಟ್ಟಿಸ್ಬಿಡಿ ಮಾಷೆ. ಆಮೇಲೆ ಎಲ್ಲಿಗೆ ಬೇಕಾದ್ರೂ ಇಳಿಸಿ. ಅಲ್ಲೇ ಕಾಣ್ತದಲ್ಲ."

"ಕಾಣ್ತದೆ ಚೇಚಿ. ಆದ್ರೆ ನಾಳೆ ಬೆಳಿಗ್ಗೆ ತನಕ ನೀವು ಇಲ್ಲಿ ನೀರಿಲ್ಲದೆ ಕೂತ್ರೆ, ನಿಮ್ಮನ್ನ ಹೊತ್ತು ಇಳಿಸ್ಬೇಕು. ನಾನು ಒಬ್ರನ್ನ ಹೊತ್ತಿದ್ದು ಸಾಕು."

ಅತ್ತೆ ನನ್ನ ಕಡೆ ತಿರುಗಿದಳು. "ಧರ್ಮೂ, ನೀನು ಹೇಳು."

ನಾನು ಇಳಿಯೋಣ ಅತ್ತೆ ಎಂದೆ. ಅವಳು ಮಂಕಿಟೋಪಿ ಮತ್ತೆ ಹಾಕಿಕೊಂಡಳು. ಉಳಿದ ಮಾಷುಗಳನ್ನು ದಾರಿ ತೋರಿಸುವವರ ಜೊತೆ ಬಿಟ್ಟು, ತಮಗೆ ಮೇಲೆ ಹೋಗುವ ಆಸೆಯೇ ಇಲ್ಲವೆಂಬ ಮುಖ ಮಾಡಿಕೊಂಡು ಜೋಸ್ ಮಾಷು ನಮ್ಮ ಜೊತೆ ಇಳಿದರು. ದಾರಿಯುದ್ದಕ್ಕೂ ಅತ್ತೆಯ ಒಂದು ಕೈ ಅವರ ಭುಜದ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ. ಅವಳು ಹಿಂದಕ್ಕೆ ತಿರುಗಿ ನೋಡಲಿಲ್ಲ.

ಹಳ್ಳಿಯ ಹತ್ತಿರ ಕಣಿವೆ ತಿರುಗುವ ಕಡೆ ಬಂದಾಗ ಮುಖಕ್ಕೆ ಬಿಸಿಲು ಹೊಡೆಯಿತು. ಪಶ್ಚಿಮದ ತೆರಪಿನಲ್ಲಿ ಸೂರ್ಯ ಒಂದು ಆಳೆತ್ತರಕ್ಕೆ ಇನ್ನೂ ಇದ್ದ. ನಾವು ಮೂವರೂ ನಿಂತೆವು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಅನುಮಾನದಿಂದ ನೋಡಿದಳು.

"ಇದು ಇವತ್ತಿಂದೇನಾ?"

"ಇವತ್ತಿಂದೇ ಅತ್ತೆ."

ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಕೈ ಚಾಚಿದಳು. ನಾನು ನೀರು ಕೊಟ್ಟೆ. ಕುಡಿದಳು, ಮತ್ತೆ ಕುಡಿದಳು, ಹುರಿಹಿಟ್ಟು ಕಲಸಿಕೊಂಡು ತಿಂದಳು. ಮೊದಲ ಮನೆಯ ಅಂಗಳದಲ್ಲಿ ಮಾಷು ಓಡೋಡಿ ಗಂಜಿ ಬೇಯಿಸಿದರು. ಆ ದಿನ ಸೂರ್ಯನಿಗಿಂತ ಮುಂಚೆ ಗಂಜಿ ಆಗಬೇಕೆಂದು ಒಬ್ಬ ಕ್ರೈಸ್ತ ಡ್ರಿಲ್ ಮಾಷು ಒಲೆ ಊದಿದ ಹಾಗೆ ಯಾವ ಜೈನನೂ ಊದಿರಲಾರ. ಮಾರನೆಯ ಬೆಳಿಗ್ಗೆ ಎದ್ದಾಗ ಅತ್ತೆ ನನ್ನನ್ನು ಬೈಯುತ್ತಿದ್ದಳು. ಆ ಬೈಗುಳ ಕೇಳಿ ನಾನು ಮನೆಯ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ.

ಎರಡು ದಿನ ಹಳ್ಳಿಯಲ್ಲೇ ಉಳಿದೆವು. ಅತ್ತೆ ಚೇತರಿಸಿಕೊಂಡಳು, ಆದರೆ ಮಾಷು ಮೇಲಕ್ಕೆ ಮಾತ್ರ ಬೇಡ ಎಂದುಬಿಟ್ಟರು. ಅವಳೂ ಕೇಳಲಿಲ್ಲ. ಬಿಸಿಲಿನಲ್ಲಿ ಕೂತು ಕಣಿವೆಯ ಕಡೆಗೆ ಬೆನ್ನು ಹಾಕಿ ಹಳ್ಳಿಯವರ ರಾಜ್ಮಾ ಬಿಡಿಸಿಕೊಟ್ಟಳು. ಎರಡನೆಯ ದಿನ ಮಧ್ಯಾಹ್ನ ಮಾಷುಗಳ ತಂಡ ಇಳಿದು ಬಂತು. ಗಣಿತದ ಮಾಷು ದೊಡ್ಡ ಸಂಭ್ರಮದಿಂದ ಒಂದು ಫ್ಲಾಸ್ಕು ಮುಂದೆ ಮಾಡಿ, "ಚೇಚಿ, ನಿಮಗೆ ಹಿಮ ತಂದಿದ್ದೀನಿ" ಎಂದರು. ಅತ್ತೆ ಬೇಗಬೇಗ ಕೈ ಒರೆಸಿಕೊಂಡು ಮುಚ್ಚಳ ತೆಗೆದು ಒಳಗೆ ನೋಡಿದಳು. ಆ ಫ್ಲಾಸ್ಕು ಶಾಲೆಯ ಸ್ಟಾಫ್ ರೂಮಿನಲ್ಲಿ ಕಾಫಿಯನ್ನೂ ಬಿಸಿಯಾಗಿ ಇಟ್ಟದ್ದಿಲ್ಲವಂತೆ.

"ಇದು ನೀರು."

"ಬೆಳಿಗ್ಗೆ ಹಿಮ ಆಗಿತ್ತು ಚೇಚಿ."

"ಬೆಳಿಗ್ಗೆ ಎಲ್ಲಾರೂ ಏನೋ ಒಂದು ಆಗಿರ್ತಾರೆ," ಎಂದಳು ಅತ್ತೆ. ಆದರೆ ಅಷ್ಟು ದೂರದಿಂದ ತಂದವರ ಮನಸ್ಸು ನೋಯಿಸಬಾರದೆಂದು ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿ ಅದನ್ನು ಸೋಸಿ, ಒಂದು ಗುಟುಕು ಕುಡಿದು, ಚೆನ್ನಾಗಿದೆ ಎಂದಳು.

ನೀರು ಸೋಸುವುದು ಅವಳು ದಾರಿಯುದ್ದಕ್ಕೂ ಮಾಡಿಕೊಂಡು ಬಂದ ಕೆಲಸ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಸೋಸುವುದು ಅರ್ಧ ಕೆಲಸ ಮಾತ್ರ. ಬಟ್ಟೆಯಲ್ಲಿ ಉಳಿಯುವ ಕಣ್ಣಿಗೆ ಕಾಣದ ಜೀವಗಳನ್ನು, ಬಟ್ಟೆ ಮಗುಚಿ ಸೋಸಿದ ನೀರಿನಲ್ಲೇ ತೊಳೆದು, ಆ ನೀರು ಯಾವ ಬಾವಿಯಿಂದ ಬಂತೋ ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬರಬೇಕು. ಬೇರೆ ನೀರಿಗೆ ಬಿಟ್ಟರೆ ಅವು ಬದುಕುವುದಿಲ್ಲ ಎಂದು ನಮ್ಮ ಹಿರಿಯರ ತಿಳಿವಳಿಕೆ. ಹೊಳೆಯ ನೀರನ್ನು ಅತ್ತೆ ಹೊಳೆಗೇ ಹಿಂದಿರುಗಿಸುತ್ತಾ ಬಂದಿದ್ದಳು. ಈಗ ಬಟ್ಟೆ ತೊಳೆದ ನೀರನ್ನು ಚೊಂಬಿನಲ್ಲಿ ಹಿಡಿದು ನಿಂತು, "ಇದರ ಬಾವಿ ಎಲ್ಲಿದೆ?" ಎಂದು ಕೇಳಿದಳು.

"ಹೊಳೆಗೆ ಬಿಡು ಅತ್ತೆ. ಹಿಮ ಕರಗಿ ಹೊಳೆಗೇ ಬರೋದು," ಎಂದೆ.

"ಅದಾಗಿ ಬಂದ್ರೆ ಅದರ ದಾರಿ. ಇದನ್ನ ನಾವು ಕಿತ್ಕೊಂಡು ಬಂದಿದ್ದು. ಎಲ್ಲಿಂದ ತಂದಿದ್ದೋ ಅಲ್ಲಿಗೇ ಕೊಡ್ಬೇಕು."

"ಅದು ಮೇಲಿದೆ."

"ಗೊತ್ತು."

ಎಲ್ಲರೂ ಜೋಸ್ ಮಾಷಿನ ಮುಖ ನೋಡಿದರು. ಬೇರೆ ಯಾವ ಮಾತಿಗೂ ಅವರು ಬಗ್ಗುತ್ತಿರಲಿಲ್ಲ. ಅಳು, ಬೇಡಿಕೆ, ಭಕ್ತಿ ಯಾವುದೂ ಅವರ ಹತ್ತಿರ ನಡೆಯುತ್ತಿರಲಿಲ್ಲ. ಆದರೆ ಇದು ನಿಯಮ. ಅವರು ನೆಲದ ಮೇಲೆ ಗೆರೆ ಎಳೆದರು. ಅತ್ತೆ ಚೊಂಬು ತುಳುಕದಂತೆ ಹಿಡಿದೇ ಆ ಗೆರೆಯ ಮೇಲೆ ಹೋಗಿ ಬಂದಳು. ನಾಡಿ ಹಿಡಿದು ನೋಡಿದರು, ತಲೆನೋವು ಇದೆಯೇ ಎಂದು ಮೂರು ಥರ ತಿರುಗಿಸಿ ಕೇಳಿದರು. "ಶರಿ. ನಾಳೆ ಬೆಳಿಗ್ಗೆ. ನಿಂತಲ್ಲೆಲ್ಲ ನೀರು ಕುಡೀಬೇಕು. ತಲೆ ನೋಯ್ತು ಅಂದ್ರೆ ಅಲ್ಲಿಂದ್ಲೇ ವಾಪಸ್. ರಾತ್ರಿ ಮಲಗೋದು ಇಲ್ಲಿಗೇ ಬಂದು. ಆ ಕೊರಕಲಿನ ಮೇಲೆ ನೆರಳು ಬಿದ್ದ ಮೇಲೆ ಯಾರೂ ಒಂದು ಹೆಜ್ಜೆ ಮೇಲೆ ಹೋಗೋಹಂಗಿಲ್ಲ" ಎಂದರು. ಅತ್ತೆ ಎಲ್ಲದಕ್ಕೂ ಶರಿ ಎಂದಳು. ಇದು ಅವಳ ನೇಮವೋ ಉಪಾಯವೋ ಎಂದು ನಾನು ಮಲಗಿಕೊಂಡು ಯೋಚಿಸಿದೆ. ಉಪಾಯವಾಗಿದ್ದರೂ ನನ್ನ ಆಕ್ಷೇಪಣೆ ಇರಲಿಲ್ಲ. ಅಷ್ಟು ಒಳ್ಳೆಯ ಉಪಾಯ ನಮ್ಮ ಮನೆತನದಲ್ಲಿ ಮತ್ತೆ ಯಾರಿಗೂ ಹೊಳೆದದ್ದಿಲ್ಲ.

ಹತ್ತಿದೆವು. ಅತ್ತೆ ಬಟ್ಟೆ ಕಟ್ಟಿದ ಚೊಂಬನ್ನು ಯಾರ ಕೈಗೂ ಕೊಡಲಿಲ್ಲ. ಮಾತಾಡುತ್ತಲೇ ಹತ್ತಿದಳು, ಅದು ನಮಗೆ ಎಲ್ಲ ನಾಡಿಗಿಂತ ಒಳ್ಳೆಯ ನಾಡಿಯಾಗಿತ್ತು. ಗುಡಿಸಲು ದಾಟಿದೆವು. ಕಲ್ಲುಗಳ ಮೇಲೆ ಕಾಲಿಟ್ಟು ಕಾಲಿಟ್ಟು ಕೊರಕಲಿಗೆ ಬಂದೆವು. ಮುಂದೆ, ಕೈಗೆ ಎಟಕುವ ಹಾಗೆ, ಅಂಚಿನಲ್ಲಿ ಸ್ವಲ್ಪ ಕೊಳಕಾಗಿ, ಒಳಗೆ ಬೆಳ್ಳಗೆ, ಹಿಮ ಇತ್ತು.

ಗಣಿತದ ಮಾಷು ಫ್ಲಾಸ್ಕಿನಿಂದ ಅಗೆದ ಗುಳಿ ಇನ್ನೂ ಹಾಗೇ ಇತ್ತು. ಅತ್ತೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಎತ್ತರದಿಂದ ಸುರಿದರೆ ಜೀವಕ್ಕೆ ಪೆಟ್ಟಾಗುತ್ತದೆಂದು ಚೊಂಬನ್ನು ಹಿಮಕ್ಕೆ ತಾಗುವಷ್ಟು ಇಳಿಸಿ, ಮೆಲ್ಲಗೆ, ಬಹಳ ಮೆಲ್ಲಗೆ ಓರೆ ಮಾಡಿದಳು. ಸೀಸೆಯಲ್ಲಿ ತಂದಿದ್ದ ಸೋಸಿದ ನೀರಿನಿಂದ ಚೊಂಬನ್ನು ತೊಳೆದು ಅದನ್ನೂ ಇಳಿಸಿದಳು. ಕೈ ಮುಗಿದಳು. ಎದ್ದು ಮೇಲೆ ನೋಡಿ, "ನಡೀರಿ ಮಾಷೆ, ನೆರಳು ಬತ್ತಾ ಇದೆ" ಎಂದು ನಮಗಿಂತ ಮುಂಚೆ ಇಳಿಯತೊಡಗಿದಳು.

ಗುಡಿಸಲಿನ ಹತ್ತಿರ ನೀರು ಕುಡಿಯಲು ಕೂತಾಗ, ಅಷ್ಟು ವರ್ಷದ ಮಾತಲ್ಲವೇ ಎಂದು ನಾನೇ ಕೇಳಿದೆ: "ಹೆಂಗಿತ್ತು ಅತ್ತೆ?"

"ಏನು?"

"ಹಿಮ. ಕೈಗೆ ಹೆಂಗಿತ್ತು?"

ಅತ್ತೆ ತನ್ನ ಬಲಗೈ ನೋಡಿಕೊಂಡಳು. ಅದನ್ನು ತಿರುಗಿಸಿ ಹಿಂದೆಯೂ ನೋಡಿದಳು.

"ಮುಟ್ಲೇ ಇಲ್ವಲ್ಲೋ," ಎಂದಳು.

ಮಾಷು ತಿರುಗಿ ನೋಡಿದರು. ಕೊರಕಲಿನ ಮೇಲೆ ನೆರಳು ಬಿದ್ದಾಗಿತ್ತು. ನಿಯಮಗಳ ಆ ಮನುಷ್ಯ ಯಾರ ಮುಖವನ್ನೂ ನೋಡದೆ, "ಬೇಗ ಹೋಗಿ ಬಂದ್ರೆ ಆಗ್ತದೆ ಚೇಚಿ. ನಾನು ಬರ್ತೀನಿ ಜೊತೆಗೆ" ಎಂದರು.

"ಬೇಡ ಮಾಷೆ," ಎಂದು ಅತ್ತೆ ಖಾಲಿ ಚೊಂಬನ್ನು ಚೀಲಕ್ಕೆ ಹಾಕಿಕೊಂಡಳು. "ಅಲ್ಲೀದು ಅಲ್ಲಿಗೇ ಕೊಟ್ಟಾಯ್ತಲ್ಲ. ನಡೀರಿ."